ಪಾನಾ ಅವಳ ಕೈಯಲ್ಲೇ ಇತ್ತು

ಮನೆ ಮನೆಗೆ ಹೋಗಿ ಗ್ಯಾರೇಜಿನ ಶಟರ್ ರಿಪೇರಿ ಮಾಡುತ್ತಿದ್ದ ಆ ಹೆಂಗಸನ್ನು ಸುತ್ತಲಿನ ನಾಲ್ಕು ಬೀದಿಯವರು ಹಗ್ಗದಕ್ಕ ಎಂದು ಕರೆಯುತ್ತಿದ್ದರು. ಹೆಗಲಿಗೆ ಕ್ಯಾನ್ವಾಸ್ ಚೀಲ, ಸೊಂಟಕ್ಕೆ ಸುತ್ತಿಕೊಂಡ ಹಗ್ಗ, ಕಾಲಿಗೆ ಗಂಡಸರ ಬೂಟು. ಏಣಿ ಮಾತ್ರ ಆಯಾ ಮನೆಯವರೇ ಕೊಡಬೇಕು. ‘ನಿಮ್ಮ ಏಣಿಗೆ ನಿಮ್ಮ ನೆಲದ ಅಭ್ಯಾಸ ಇರುತ್ತೆ’ ಎಂದು ಅವಳು ಹೇಳುವ ಕಾರಣ. ಇಷ್ಟು ಭಾರದ ಚೀಲದ ಜೊತೆ ಏಣಿಯನ್ನೂ ಹೊತ್ತು ನಡೆಯಲಾಗುವುದಿಲ್ಲ ಎಂಬುದು ಹೇಳದ ಕಾರಣ.

ಹೋದ ಮನೆಯಲ್ಲಿ ಅವಳ ಮೊದಲ ಪರೀಕ್ಷೆ ಒಂದೇ. ಶಟರನ್ನು ಸೊಂಟದ ಮಟ್ಟಕ್ಕೆ ಎತ್ತಿ ಕೈ ತೆಗೆಯುವುದು. ಇದ್ದಲ್ಲೇ ನಿಂತರೆ ಸ್ಪ್ರಿಂಗಿನ ಆರೋಗ್ಯ ಚೆನ್ನಾಗಿದೆ. ಕೆಳಗೆ ಜಾರಿದರೆ ಸ್ಪ್ರಿಂಗ್ ಸೋತಿದೆ. ತಾನಾಗಿ ಮೇಲೆ ಏರಿದರೆ ಯಾರೋ ಅತಿಯಾಗಿ ಬಿಗಿದಿದ್ದಾರೆ. ಆಮೇಲೆ ಶಟರ್ ಜಾರುವ ಎರಡೂ ಬದಿಯ ಚಾನಲ್ಲಿಗೆ ಹಳೆಯ ಬನಿಯನ್ ತುಂಡು ತುರುಕಿ ಮೇಲಿಂದ ಕೆಳಗೆ ಎಳೆಯುತ್ತಿದ್ದಳು. ಬಟ್ಟೆ ಕರ್ರಗಾಗಿ ಹೊರಬಂದರೆ ಅದನ್ನು ಮನೆಯವರ ಮೂಗಿನ ಮುಂದೆ ಹಿಡಿಯುತ್ತಿದ್ದಳು.

“ನೋಡಿ, ಇಷ್ಟು ಕೊಳೆ ನುಂಗಿಕೊಂಡು ಪಾಪ ಅದು ಎಷ್ಟು ದಿನ ಸುಮ್ಮನಿರುತ್ತೆ? ವರ್ಷಕ್ಕೆರಡು ಸಲ ಒರೆಸಿ, ತೆಳು ಎಣ್ಣೆ ನಾಲ್ಕು ಹನಿ ಬಿಡಿ. ಗ್ರೀಸ್ ಮೆತ್ತಬೇಡಿ. ಗ್ರೀಸ್ ಕಂಡರೆ ಊರ ಧೂಳೆಲ್ಲ ಬಂದು ಸಂಸಾರ ಹೂಡುತ್ತೆ.”

ಇದೆಲ್ಲ ಮುಗಿದ ಮೇಲೆ ಹಗ್ಗ ಬಿಚ್ಚುತ್ತಿದ್ದಳು. ಶಟರಿನ ನೆತ್ತಿಯ ಮೇಲೆ ತಗಡಿನ ಪೆಟ್ಟಿಗೆ. ಅದರೊಳಗೆ ಶಟರ್ ಸುತ್ತಿಕೊಳ್ಳುವ ಕಬ್ಬಿಣದ ಪೈಪು, ಅದಕ್ಕೆ ಬಲ ಕೊಡುವ ಸ್ಪ್ರಿಂಗು. ಸ್ಪ್ರಿಂಗ್ ಬಿಗಿ ಮಾಡಬೇಕೆಂದರೆ ಪೈಪಿನ ತುದಿಯನ್ನು ಪಾನಾದಿಂದ ಕಚ್ಚಿ ಹಿಡಿದು ತಿರುಗಿಸಬೇಕು. ಮೊಸಳೆಯ ಹಾಗೆ ಬಾಯಿ ತುಂಬ ಹಲ್ಲಿರುವ, ಮೊಳದುದ್ದದ ಪಾನಾ. ಒಂದು ಪಾನಾದಿಂದ ಅರ್ಧ ಸುತ್ತು ತಿರುಗಿಸುವುದು. ಅದನ್ನು ಬಿಡಿಸಿ ಮತ್ತೆ ಹಿಡಿಯುವ ತನಕ ಪೈಪು ಹಿಂದಕ್ಕೆ ತಿರುಗದ ಹಾಗೆ ಇನ್ನೊಂದು ಪಾನಾದಿಂದ ತಡೆದು ನಿಲ್ಲಿಸುವುದು. ಅದಕ್ಕೆ ಇಬ್ಬರು ಬೇಕು. ಹಗ್ಗದಕ್ಕ ಮಾತ್ರ ಇನ್ನೊಬ್ಬರನ್ನು ಕರೆಯುತ್ತಿರಲಿಲ್ಲ. ಗೋಡೆಗೆ ದಪ್ಪ ಕೊಕ್ಕೆ ಬೋಲ್ಟು ಹಾಕಿ, ತಡೆಯುವ ಪಾನಾದ ಹಿಡಿಯನ್ನು ಅದಕ್ಕೆ ಮೂರು ಸುತ್ತು ಹಗ್ಗದಿಂದ ಕಟ್ಟಿಬಿಡುತ್ತಿದ್ದಳು. ಒಂದು ಗಂಟೆಯ ಕೆಲಸ ಇದರಿಂದ ಮೂರು ಗಂಟೆಯಾಗುತ್ತಿತ್ತು.

“ಏನಕ್ಕಾ, ಹಸು ಕಟ್ಟಿದ ಹಾಗೆ ಕಟ್ತಿದ್ದೀರಿ. ಓಡಿಹೋಗುತ್ತಾ?” ಎಂದು ಯಾರೋ ಒಮ್ಮೆ ಕೇಳಿದ್ದರು.

“ಹಸುವಾದ್ರೆ ಒದೆಯೋಕೆ ಮುಂಚೆ ಕಾಲೆತ್ತುತ್ತೆ. ಇದು ಹೇಳಿ ಒದೆಯಲ್ಲ.”

“ನಾನು ಹಿಡ್ಕೋತೀನಿ ಬಿಡಿ, ಬೇಗ ಮುಗಿಯುತ್ತೆ.”

“ಬೇಡ ಅಣ್ಣ. ಮನುಷ್ಯರ ಕೈ ನಂಬಲ್ಲ ನಾನು. ನನ್ನದನ್ನೂ ಸೇರಿಸಿ.”

ಕೇಳಿದವರು ನಕ್ಕಿದ್ದರು. ಅವಳು ನಕ್ಕಿರಲಿಲ್ಲ.

ಆ ಚೀಲ, ಆ ಬೂಟು ಅವಳ ಗಂಡನವು. ಅವನೇ ಮೊದಲು ಈ ಕೆಲಸ ಮಾಡುತ್ತಿದ್ದವನು. ಮದುವೆಯಾದ ಹೊಸದರಲ್ಲಿ ಅವಳು ಬುತ್ತಿ ಕೊಡಲು ಹೋಗಿ, ಹಾಗೇ ಏಣಿ ಹಿಡಿಯಲು ನಿಂತು, ಆಮೇಲೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಎರಡನೆಯ ಪಾನಾ ಹಿಡಿಯುವವಳಾದಳು. ಕೂಲಿಯವನನ್ನು ಕರೆಯುವುದು ತಪ್ಪುತ್ತದೆ ಎಂಬುದು ಒಂದು. ಇಡೀ ದಿನ ಜೊತೆಯಲ್ಲಿರಬಹುದು ಎಂಬುದು ಇನ್ನೊಂದು. ಅವನು ಬಾಯಿ ಸುಮ್ಮನಿಡದ ಮನುಷ್ಯ. ಏಣಿಯ ಮೇಲಿಂದ, “ಹಿಡ್ಕೊಂಡಿದ್ದೀಯಾ? ಹಿಡ್ಕೊಂಡ್ರೆ ಹೂಂ ಅನ್ನು, ಇಲ್ಲಾಂದ್ರೆ ನಿನ್ನ ಗಂಡ ಮೇಲಕ್ಕೆ ಟಿಕೆಟ್” ಎಂದು ದಿನಾ ಅದೇ ತಮಾಷೆ. ಅವಳು “ಹೂಂ” ಎನ್ನುತ್ತಿದ್ದಳು.

ಆರು ವರ್ಷದ ಹಿಂದೆ, ನೀರಿನ ಟ್ಯಾಂಕಿನ ಹಿಂದಿನ ಬೀದಿಯ ಕೊನೆಯ ಮನೆಯಲ್ಲಿ, ಆ ತಮಾಷೆ ನಿಜವಾಯಿತು. ಮಗಳಿಗೆ ಆಗ ಎಂಟು ತಿಂಗಳು. ಗ್ಯಾರೇಜಿನ ಮೂಲೆಯಲ್ಲಿ ಬುಟ್ಟಿಯಲ್ಲಿ ಮಲಗಿಸಿದ್ದಳು. ಗಂಡ ಅರ್ಧ ಸುತ್ತು ತಿರುಗಿಸಿ “ಹಿಡ್ಕೊಂಡಿದ್ದೀಯಾ?” ಎಂದ. ಅವಳು “ಹೂಂ” ಎಂದಳು. ಅವನು ತನ್ನ ಪಾನಾ ಬಿಡಿಸಿ ಮತ್ತೆ ಹಾಕುವಷ್ಟರಲ್ಲಿ ಮಗು ಕಿರುಚಿತು, ಅವಳು ಕತ್ತು ತಿರುಗಿಸಿದಳು. ಮುಂದಿನದು ಒಂದು ಶಬ್ದ ಮಾತ್ರ. ಬಿಗಿದ ಸ್ಪ್ರಿಂಗ್ ಒಂದೇ ಏಟಿಗೆ ಬಿಚ್ಚಿಕೊಂಡು, ಅವನ ಪಾನಾದ ಹಿಡಿ ಗಿರ್ರನೆ ತಿರುಗಿ ಅವನ ಕಪಾಳಕ್ಕೆ ಬಡಿಯಿತು. ಬಲ ಕಳೆದುಕೊಂಡ ಶಟರ್ ದಢಾರನೆ ಕೆಳಗೆ ಬಿತ್ತು. ಗ್ಯಾರೇಜಿನೊಳಗೆ ಕತ್ತಲು. ಕತ್ತಲಲ್ಲಿ ಮಗು ಅಳುತ್ತಿತ್ತು. ಅವನು ಅಳುತ್ತಿರಲಿಲ್ಲ, ನರಳುತ್ತಲೂ ಇರಲಿಲ್ಲ.

ನಾಲ್ಕು ಜನ ಹೊರಗಿನಿಂದ ಶಟರ್ ಎತ್ತಿದಾಗ ಬೆಳಕು ಮೊದಲು ನೆಲಕ್ಕೆ ಬಿತ್ತು, ಆಮೇಲೆ ಅವಳ ಮೇಲೆ. ನೆಲದ ಮೇಲೆ ಅವನು. ಅವನ ಪಕ್ಕದಲ್ಲಿ ಅವಳು ನಿಂತಿದ್ದಳು, ಎರಡೂ ಕೈಯಲ್ಲಿ ಪಾನಾ ಹಿಡಿದುಕೊಂಡು.

“ಪಾನಾ ಅವಳ ಕೈಯಲ್ಲೇ ಇತ್ತು ಕಣ್ರೀ. ಪೈಪಿನ ಮೇಲೆ ಇರಬೇಕಾದದ್ದು ಅವಳ ಕೈಯಲ್ಲಿತ್ತು ಅಂದ್ರೆ ಅರ್ಥ ಮಾಡ್ಕೊಳ್ಳಿ” ಎಂದು ಶಟರ್ ಎತ್ತಿದವರು ಬೀದಿಯಲ್ಲೆಲ್ಲ ಹೇಳಿದರು.

ಊರಿನವರು ಅರ್ಥ ಮಾಡಿಕೊಂಡರು. ಮಗುವಿನ ಕಡೆ ತಿರುಗುವ ಗಡಿಬಿಡಿಯಲ್ಲಿ ಪಾನಾ ಎಳೆದುಕೊಂಡಳು, ಗಂಡ ಹೋದ. ಇಷ್ಟೇ. ಅವಳೂ ಹಾಗೇ ಅರ್ಥ ಮಾಡಿಕೊಂಡಳು. ಕತ್ತು ತಿರುಗಿಸಿದ್ದಂತೂ ಅವಳಿಗೆ ನೆನಪಿತ್ತು. ಕೈ ಏನು ಮಾಡಿತು ಎಂದು ನೆನಪಿರಲಿಲ್ಲ. ನೆನಪಿಲ್ಲದ ಕೈಯ ಪರವಾಗಿ ಸಾಕ್ಷಿ ಹೇಳುವುದು ಹೇಗೆ?

ಅತ್ತೆ ಅಂದಿನಿಂದ ಸೊಸೆಯ ಜೊತೆ ಮಾತು ಬಿಟ್ಟರು. ಮನೆ ಬಿಡಲಿಲ್ಲ, ಮನೆಯಿಂದ ಹೊರಗೂ ಹಾಕಲಿಲ್ಲ. ಅಡುಗೆಮನೆ, ಒಂದು ಕೋಣೆ, ಮುಂದೊಂದು ಹಜಾರ. ಅಷ್ಟರಲ್ಲೇ ಮೂವರು ಆರು ವರ್ಷ ಓಡಾಡಿದರು. ಮೊದಮೊದಲು ಅತ್ತೆ ಗೋಡೆಗೆ ಹೇಳುತ್ತಿದ್ದರು: “ಹಾಲು ಉಕ್ಕುತ್ತಿದೆ.” ಮಗುವಿಗೆ ಮಾತು ಬಂದ ಮೇಲೆ ಗೋಡೆಗೆ ಬಿಡುವಾಯಿತು.

“ಪುಟ್ಟಿ, ನಿಮ್ಮಮ್ಮನಿಗೆ ಹೇಳು, ಅಕ್ಕಿ ಮುಗೀತು ಅಂತ.”

“ಅಮ್ಮಾ, ಅಕ್ಕಿ ಮುಗೀತಂತೆ.”

“ಸಂಜೆ ತರ್ತೀನಿ ಅಂತ ಹೇಳು.”

“ಅಜ್ಜಿ, ಸಂಜೆ ತರ್ತಾಳಂತೆ. ನಾನೇನು ಫೋನಾ?” ಎಂದು ಹುಡುಗಿ ಒಂದೊಂದು ಸಲ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಿದ್ದಳು. ಇಬ್ಬರಿಗೂ ನಗು ಬರುತ್ತಿತ್ತು. ಇಬ್ಬರೂ ಬೇರೆ ಬೇರೆ ಕಡೆ ಮುಖ ಮಾಡಿ ನುಂಗಿಕೊಳ್ಳುತ್ತಿದ್ದರು.

ಗಂಡ ಹೋದ ಎರಡನೆಯ ತಿಂಗಳು ಅವಳು ಚೀಲ ಹೆಗಲಿಗೇರಿಸಿದಾಗ ಬೀದಿಯವರು ಹುಬ್ಬೇರಿಸಿದರು. ‘ಗಂಡನ್ನ ತಿಂದ ಕೈ, ಇನ್ನು ಶಟರ್ ಉಳಿಸುತ್ತಾ?’ ಎಂದವರ ಮನೆಯ ಶಟರನ್ನೂ ವರ್ಷ ಕಳೆಯುವುದರೊಳಗೆ ಅವಳೇ ಸರಿಮಾಡಿದಳು. ಅವಳಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ, ಅದೂ ಅರ್ಧ. ಉಳಿದರ್ಧವನ್ನು ಬೆರಳು ಜಜ್ಜಿಕೊಂಡು ಕಲಿತಳು. ಅವತ್ತಿನ ಪಾನಾವನ್ನು ಮಾತ್ರ ಮಗಳ ಹಳೆಯ ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿ ಚೀಲದ ತಳದಲ್ಲಿ ಇಟ್ಟುಬಿಟ್ಟಳು. ಆಮೇಲೆ ಬಿಚ್ಚಿರಲಿಲ್ಲ. ಮನೆಯಲ್ಲಿಟ್ಟರೆ ಅತ್ತೆಯ ಕಣ್ಣಿಗೆ ಬೀಳುತ್ತದೆ. ಎಸೆಯಲು ಕೈ ಬರುವುದಿಲ್ಲ. ಹಾಗಾಗಿ ಆರು ವರ್ಷ ಅದನ್ನು ಹೊತ್ತೇ ತಿರುಗಿದಳು. ಬಲಗಡೆಯ ಹೆಗಲು ಒಂದು ಬೆರಳಷ್ಟು ಕೆಳಗಿಳಿದಿತ್ತು.

ಅತ್ತೆಯ ಕಣ್ಣಿಗೆ ಬೀಳುವುದು ಎಂಬುದೂ ಮಾತಿನ ಮಾತು. ಅವರ ಕಣ್ಣು ಮಂಜಾಗಿ ಬಹಳ ದಿನವಾಗಿತ್ತು. ಸೂಜಿಗೆ ದಾರವನ್ನು ನಾಲಿಗೆಯ ಮೇಲೆ ಒದ್ದೆ ಮಾಡಿ ಅಂದಾಜಿನ ಮೇಲೆ ಪೋಣಿಸುತ್ತಿದ್ದರು. ಅಕ್ಕಿಯ ಕಲ್ಲನ್ನು ಬೆರಳಲ್ಲಿ ಹುಡುಕುತ್ತಿದ್ದರು. ಕನ್ನಡಕ ಇರಲಿಲ್ಲವೆಂದಲ್ಲ. ಟ್ರಂಕಿನ ಮೂಲೆಯಲ್ಲಿ, ಕಂದು ಡಬ್ಬಿಯಲ್ಲಿ, ಹೊಸದರ ಹಾಗೇ ಇತ್ತು. “ಹಾಕ್ಕೊಳ್ಳಿ ಅಂತ ಹೇಳು ಪುಟ್ಟಿ” ಎಂದು ಸೊಸೆ ಎಷ್ಟೋ ಸಲ ಹೇಳಿಸಿದ್ದಳು. “ಬೇಡ ಅಂತ ಹೇಳು” ಎಂದಷ್ಟೇ ಉತ್ತರ. ಮುದುಕಿಯ ಹಟ ಎಂದುಕೊಂಡು ಅವಳು ಬಿಟ್ಟುಬಿಟ್ಟಳು.

ಹೀಗೇ ನಡೆದುಹೋಗುತ್ತಿತ್ತು. ಒಂದು ದಿನ ಹುಡುಗಿ ಸ್ಕೂಲಿನ ಜಡೆ ಹಾಕಿಸಿಕೊಳ್ಳುತ್ತ ಕೂತವಳು ಕತ್ತು ತಿರುಗಿಸದೆ ಕೇಳಿದಳು:

“ಅಮ್ಮಾ, ಅಪ್ಪ ಮೇಲಿದ್ದಾಗ ನೀನು ಬಿಟ್ಟುಬಿಟ್ಟೆಯಂತೆ, ಹೌದಾ?”

ಬಾಚಣಿಗೆ ಕೂದಲಲ್ಲೇ ನಿಂತಿತು.

“ಯಾರು ಹೇಳಿದ್ದು?”

“ಅಜ್ಜಿ. ನಾನೇ ಕೇಳಿದೆ, ನೀವಿಬ್ಬರೂ ಯಾಕೆ ಟೂ ಬಿಟ್ಟಿದ್ದೀರಾ ಅಂತ. ಬೇಕೂಂತ ಬಿಟ್ಟೆಯಾ, ಗೊತ್ತಿಲ್ಲದೆ ಬಿಟ್ಟೆಯಾ?”

ಊರು ಹೇಳಿದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದು. ಮಗಳ ಪ್ರಶ್ನೆ ಎರಡು ಕಿವಿಯ ನಡುವೆಯೇ ಸಿಕ್ಕಿಕೊಂಡಿತು. ಹೌದು ಎಂದರೆ ಈ ಹುಡುಗಿ ಬದುಕಿಡೀ ಈ ಕೈಯಿಂದ ಊಟ ಮಾಡಬೇಕು, ಈ ಕೈಯಿಂದ ಜಡೆ ಹಾಕಿಸಿಕೊಳ್ಳಬೇಕು. ಇಲ್ಲ ಎಂದರೆ ಅದು ನಿಜವೋ ಸುಳ್ಳೋ ತನಗೇ ಗೊತ್ತಿಲ್ಲ.

“ಆಮೇಲೆ ಹೇಳ್ತೀನಿ” ಎಂದಳು.

“ಯಾವಾಗ ಆಮೇಲೆ?”

“ನನಗೆ ಗೊತ್ತಾದ ಮೇಲೆ.”

ಅದಾದ ವಾರಕ್ಕೆ ಫೋನು ಬಂತು. ಆ ಕಡೆಯ ಹೆಣ್ಣುದನಿ ಉಸಿರು ಬಿಡದೆ ಮಾತಾಡಿತು. “ಶಟರ್ ರಿಪೇರಿ ಅಕ್ಕ ಅಲ್ವಾ? ನಾವು ಹೊಸದಾಗಿ ಮನೆ ತಗೊಂಡ್ವಿ. ಗ್ಯಾರೇಜ್ ಇದೆ, ಕಾರಿದೆ, ಕಾರು ಬೀದಿಯಲ್ಲಿದೆ! ಹಳೆಯವರು ಶಟರ್ ಮುಟ್ಟೇ ಇಲ್ವಂತೆ. ಐದೋ ಆರೋ ವರ್ಷ ಆಯ್ತಂತೆ. ಯಾಕೋ ಕೇಳಿದ್ರೆ ಹೇಳಲ್ಲ. ನೀರಿನ ಟ್ಯಾಂಕಿನ ಹಿಂದೆ, ಕೊನೇ ಮನೆ.”

ಹಗ್ಗದಕ್ಕ ಆರು ವರ್ಷದಿಂದ ಆ ಬೀದಿಗೆ ಕಾಲಿಟ್ಟಿರಲಿಲ್ಲ. ಟ್ಯಾಂಕಿನ ತನಕ ಬಂದು ಸುತ್ತುಹಾಕಿಕೊಂಡು ಹೋಗುತ್ತಿದ್ದಳು. ‘ಆಗಲ್ಲಮ್ಮ, ಬೇರೆ ಯಾರನ್ನಾದರೂ ಕರೀರಿ’ ಎಂಬ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ‘ಮುಟ್ಟೇ ಇಲ್ವಂತೆ’ ಎಂಬುದು ತಲೆಯೊಳಗೆ ಇಳಿಯಿತು. ಮುಟ್ಟಿಲ್ಲವೆಂದರೆ ಪೈಪು ಅವತ್ತು ಇದ್ದ ಹಾಗೇ ಇದೆ.

“ನಾಳೆ ಬೆಳಿಗ್ಗೆ ಬರ್ತೀನಿ. ಏಣಿ ಇದೆಯಾ?” ಎಂದಳು.

ಮನೆಯ ಹೊಸ ಯಜಮಾನಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ರಜೆ ಹಾಕಿ ನಿಂತಿದ್ದಳು. ಅಡುಗೆಮನೆಯ ಪಕ್ಕದ ಸಣ್ಣ ಬಾಗಿಲಿನಿಂದ ಗ್ಯಾರೇಜಿಗೆ ಕರೆದುಕೊಂಡು ಹೋಗಿ ಲೈಟು ಹಾಕಿದಳು. ಹಳೆಯ ರಟ್ಟಿನ ಪೆಟ್ಟಿಗೆಗಳು, ಒಂದು ಮುರಿದ ಕುರ್ಚಿ, ಧೂಳು. ನೆಲದ ಸಿಮೆಂಟನ್ನು ಒಂದು ಕಡೆ ಯಾರೋ ಗಟ್ಟಿ ಬ್ರಷ್ಷಿನಿಂದ ಉಜ್ಜಿದ್ದರು. ಅಷ್ಟು ಜಾಗ ಮಾತ್ರ ಉಳಿದ ನೆಲಕ್ಕಿಂತ ಬೆಳ್ಳಗಿತ್ತು. ಹಗ್ಗದಕ್ಕ ಆ ಜಾಗ ತುಳಿಯದೆ ಏಣಿ ಇಟ್ಟಳು.

“ಅಲ್ಲಿ ಯಾಕಕ್ಕ, ಇಲ್ಲಿ ಇಟ್ಟರೆ ಹತ್ತಿರ ಆಗುತ್ತೆ.”

“ಇಲ್ಲೇ ಸರಿಯಾಗುತ್ತೆ.”

“ಕಾಫಿ ಮಾಡ್ಲಾ?”

“ಕೆಳಗೆ ನಿಂತ್ಕೋಬೇಡಿ ಮೇಡಂ. ಕಾಫಿ ಆಮೇಲೆ.”

ತಗಡಿನ ಪೆಟ್ಟಿಗೆಯ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಒಂದೊಂದಕ್ಕೂ ಎಣ್ಣೆ ಬಿಟ್ಟು, ಕಾದು, ತೆಗೆದಳು. ಒಳಗೆ ಜೇಡರ ಬಲೆ, ಹಲ್ಲಿಯ ಮೊಟ್ಟೆಯ ಚಿಪ್ಪು, ಒಂದು ಹಕ್ಕಿಯ ಹಳೆಯ ಗೂಡು. ಎಡಗಡೆಯ ಪೈಪಿನ ತುದಿಗೆ ಹಳೆಯ ಎಣ್ಣೆಯೂ ಧೂಳೂ ಸೇರಿ ಕಪ್ಪು ಸಿಪ್ಪೆ ಕಟ್ಟಿತ್ತು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಮೆಲ್ಲಗೆ ಒರೆಸಿದಳು. ಮಗುವಿನ ಮೈ ಒರೆಸುವ ಹಾಗೆ, ಒತ್ತದೆ. ಅರ್ಧ ಒರೆಸಿ ನಿಲ್ಲಿಸಿದಳು. ಇಳಿದು, ನೀರು ಕುಡಿದು, ಮತ್ತೆ ಹತ್ತಿದಳು.

ಆರು ವರ್ಷದಲ್ಲಿ ಅವಳು ನೂರಾರು ಪೈಪು ನೋಡಿದ್ದಳು. ಪಾನಾ ಕಚ್ಚಿದ ಗುರುತನ್ನು ಅಕ್ಷರದ ಹಾಗೆ ಓದುತ್ತಿದ್ದಳು. ಸರಿಯಾಗಿ ಕಚ್ಚಿದ ಪಾನಾ ಪೈಪಿನ ಮೇಲೆ ಸಾಲಾಗಿ ಸಣ್ಣ ಹಲ್ಲಿನ ಗುರುತು ಬಿಡುತ್ತದೆ, ಅಷ್ಟೇ. ಹಿಡಿದವರು ಕೈ ಬಿಟ್ಟರೆ ಪಾನಾ ಪೈಪನ್ನು ಬಿಡುವುದಿಲ್ಲ. ಕಚ್ಚಿಕೊಂಡೇ ಪೈಪಿನ ಜೊತೆ ಗಿರಗಿರ ತಿರುಗುತ್ತದೆ. ಹಿಡಿದವರು ಎಳೆದು ಕಿತ್ತುಕೊಂಡರೆ ಹಲ್ಲಿನ ಗುರುತು ಇದ್ದಲ್ಲೇ ಉಳಿಯುತ್ತದೆ. ಪಾನಾ ಹಿಡಿದ ಕೈಯಲ್ಲೇ ಇದ್ದು, ಹಲ್ಲು ಮಾತ್ರ ಸೋತು, ಪೈಪು ಅದರ ಬಾಯೊಳಗೇ ಜಾರಿ ತಿರುಗಿದರೆ ಆಗ ಗೀರು ಬೀಳುತ್ತದೆ.

ಬಟ್ಟೆ ತೆಗೆದಳು. ಪೈಪಿನ ಸುತ್ತ ಗೀರುಗಳಿದ್ದವು. ಒಂದೆರಡಲ್ಲ. ಕೆಸರಿನಲ್ಲಿ ಬೆರಳೆಳೆದ ಹಾಗೆ, ಅಕ್ಕಪಕ್ಕದಲ್ಲಿ, ಪೈಪಿನ ಮುಕ್ಕಾಲು ಸುತ್ತು. ಎರಡು ಅಂಚಿನಲ್ಲಿ ಆಳವಾದ ಗೀರು, ನಡುವೆ ನುಣ್ಣಗೆ ಖಾಲಿ.

ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಇಳಿದು, ಚೀಲದ ತಳಕ್ಕೆ ಕೈ ಹಾಕಿ, ಆರು ವರ್ಷ ಬಿಚ್ಚದ ದಾರವನ್ನು ಹಲ್ಲಿನಿಂದ ಕಚ್ಚಿ ಕಡಿದಳು. ಬಟ್ಟೆಯಿಂದ ಪಾನಾ ಹೊರಬಂತು. ಬಾಯಿ ತೆರೆದು ಬೆಳಕಿಗೆ ಹಿಡಿದಳು. ಅಂಚಿನ ಎರಡೆರಡು ಹಲ್ಲು ಚೂಪಾಗಿದ್ದವು. ನಡುವಿನ ಹಲ್ಲುಗಳು ಮುದುಕರ ಒಸಡಿನ ಹಾಗೆ ನುಣ್ಣಗೆ ಸವೆದುಹೋಗಿದ್ದವು. ಏಣಿ ಹತ್ತಿ ಗೀರಿನ ಮೇಲೆ ಇಟ್ಟು ನೋಡಿದಳು. ಅಂಚಿಗೆ ಅಂಚು, ಖಾಲಿಗೆ ಖಾಲಿ.

ಕೈ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಪಾನಾ ಅವಳ ಕೈಯಲ್ಲಿ ಇರುತ್ತಿರಲಿಲ್ಲ, ಎಳೆದುಕೊಂಡಿದ್ದರೆ ಈ ಗೀರು ಬೀಳುತ್ತಿರಲಿಲ್ಲ. ಊರೆಲ್ಲ ಯಾವ ಮಾತಿನಿಂದ ಅವಳಿಗೆ ಬರೆ ಹಾಕಿತ್ತೋ ಆ ಮಾತೇ ಅವಳ ಸಾಕ್ಷಿಯಾಗಿತ್ತು. ಅದನ್ನು ಓದಲು ಯಾರಿಗೂ ಬರುತ್ತಿರಲಿಲ್ಲ, ಅಷ್ಟೇ.

“ಅಕ್ಕಾ, ಕೆಟ್ಟುಹೋಗಿದೆಯಾ? ಹೊಸದೇ ಹಾಕಿಸಬೇಕಾ?” ಬ್ಯಾಂಕಿನ ಮೇಡಂ ಬಾಗಿಲಿನಿಂದ ಕೇಳಿದಳು. “ಅಯ್ಯೋ, ಯಾಕಕ್ಕಾ ಅಳ್ತಿದ್ದೀರಾ?”

“ಧೂಳು” ಎಂದಳು ಹಗ್ಗದಕ್ಕ. “ಶಟರ್ ಚೆನ್ನಾಗಿದೆ. ಎಣ್ಣೆ ಕಂಡಿಲ್ಲ, ಅಷ್ಟೇ.”

ಕೆಲಸ ಬಿಟ್ಟು ಬರಲಿಲ್ಲ. ಚಾನಲ್ ಒರೆಸಿದಳು, ಒಂದೊಂದು ಪಟ್ಟಿಯ ಸಂದಿಗೂ ಎಣ್ಣೆ ಬಿಟ್ಟಳು, ಗೋಡೆಗೆ ಕೊಕ್ಕೆ ಹೊಡೆದು ಹಗ್ಗ ಕಟ್ಟಿ ಸುತ್ತು ಸುತ್ತಾಗಿ ಸ್ಪ್ರಿಂಗ್ ಬಿಗಿದಳು. ಆರು ವರ್ಷದ ಮೇಲೆ ಶಟರ್ ಮೇಲೆದ್ದಿತು. ಬೀದಿಯ ಬೆಳಕು ಒಳಗೆ ಬಂದು ಆ ಉಜ್ಜಿದ ಜಾಗದ ಮೇಲೆ ಬಿತ್ತು. ಸೊಂಟದ ಮಟ್ಟಕ್ಕೆ ಇಳಿಸಿ ಕೈ ತೆಗೆದಳು. ನಿಂತಿತು.

ಮೇಡಂ ಚಪ್ಪಾಳೆ ತಟ್ಟಿದಳು. ಹಗ್ಗದಕ್ಕನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಎದೆಯೊಳಗೆ ಇನ್ನೊಂದು ಪ್ರಶ್ನೆ ಎದ್ದು ಕೂತಿತ್ತು. ಅವನು ಕೆಲಸಗಾರ. ಹಲ್ಲು ಸವೆದದ್ದು ಅವನಿಗೆ ಕಾಣದೆ ಇರಲು ಸಾಧ್ಯವೇ?

ಮನೆಗೆ ಬಂದಾಗ ಸಂಜೆ. ಹುಡುಗಿ ಪಕ್ಕದ ಮನೆಗೆ ಆಡಲು ಹೋಗಿದ್ದಳು. ಅತ್ತೆ ಹಜಾರದ ಕಿಟಕಿಗೆ ಬೆನ್ನು ಕೊಟ್ಟು ಲಂಗದ ಅಂಚು ಹೊಲಿಯುತ್ತಿದ್ದರು. ಹೆಬ್ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಜರಡಿಯಾಗಿತ್ತು. ಸೊಸೆ ಪಾನಾವನ್ನು ಅವರ ಮುಂದೆ ನೆಲದ ಮೇಲಿಟ್ಟಳು. ಕಬ್ಬಿಣದ ಸದ್ದಿಗೆ ಅತ್ತೆಯ ಕೈ ನಿಂತಿತು.

ಮಧ್ಯೆ ಮಾತು ದಾಟಿಸುವ ಹುಡುಗಿ ಇರಲಿಲ್ಲ. ಸೊಸೆ ನೇರವಾಗಿಯೇ ಹೇಳಿದಳು.

“ಅತ್ತೆ, ಇವತ್ತು ಆ ಮನೆಗೆ ಹೋಗಿದ್ದೆ. ಪೈಪು ನೋಡಿದೆ. ನಾನು ಬಿಟ್ಟಿರಲಿಲ್ಲ. ಇದರ ಹಲ್ಲು ಸವೆದಿತ್ತು. ಪೈಪಿನ ಮೇಲೆ ಗೀರು ಇದೆ. ಮುಟ್ಟಿ ನೋಡಿ, ನಡುವೆ ಹಲ್ಲೇ ಇಲ್ಲ.”

ಅತ್ತೆ ಮುಟ್ಟಲಿಲ್ಲ.

“ಮುಟ್ಟಿ ನೋಡಿ ಅತ್ತೆ.”

“ಗೊತ್ತು” ಎಂದರು ಅತ್ತೆ.

ಆರು ವರ್ಷದಲ್ಲಿ ಅವರು ಅವಳಿಗೆ ಆಡಿದ ಮೊದಲ ಮಾತು ಅದು.

“ಏನು ಗೊತ್ತು?”

“ಹಲ್ಲು ಸವೆದಿದ್ದು.” ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟರು. “ಅವನು ಹೋಗೋ ಮುಂಚಿನ ವಾರ. ‘ಅಮ್ಮಾ, ಎರಡನೇ ಪಾನಾ ಜಾರ್ತಿದೆ, ಹೊಸದು ತಂದುಬಿಡ್ತೀನಿ’ ಅಂತ ಪೇಟೆಗೆ ಹೋದ. ಸಂಜೆ ಬಂದ. ಕೈಯಲ್ಲಿ ಕಂದು ಡಬ್ಬಿ. ನಾನು ಬೆರಳಿಗೆ ಸೂಜಿ ಚುಚ್ಚಿಕೊಳ್ಳೋದು ನೋಡೋಕಾಗ್ತಿಲ್ವಂತೆ. ಕನ್ನಡಕ ಮಾಡಿಸಿಕೊಂಡು ಬಂದಿದ್ದ. ‘ಪಾನಾ ಎಲ್ಲೋ?’ ಅಂದೆ. ‘ತಿರುಗಿಸೋಕೆ ಒಳ್ಳೇದು ಬೇಕು, ಹಿಡಿಯೋಕೆ ಹಳೇದು ಸಾಕು. ಮುಂದಿನ ತಿಂಗಳು ನೋಡೋಣ’ ಅಂದ.” ಅವರು ಹೆಬ್ಬೆರಳಿನ ತುದಿಯನ್ನು ಸವರಿಕೊಂಡರು. “ಇನ್ನೊಂದು ಮಾತೂ ಅಂದ. ‘ಅವಳು ಹಿಡ್ಕೊಂಡಿರ್ತಾಳಲ್ಲ, ಗಟ್ಟಿ ಕೈ ಅವಳದು’ ಅಂದ.”

ಸೊಸೆ ತನ್ನ ಅಂಗೈಯನ್ನು ನೋಡಿಕೊಂಡಳು. ಸೀಮೆಎಣ್ಣೆ, ತುಕ್ಕು, ಒಂದು ಹಳೆಯ ಗಾಯದ ಗೆರೆ.

“ಅವತ್ತು ಬಂದು ಹೇಳಿದ್ರು, ಪಾನಾ ಅವಳ ಕೈಯಲ್ಲೇ ಇತ್ತು ಅಂತ” ಅತ್ತೆ ಮುಂದುವರಿಸಿದರು. “ನನಗೆ ಗೀರು ಗೊತ್ತಿಲ್ಲ, ಪೈಪು ಗೊತ್ತಿಲ್ಲ. ಆದ್ರೆ ಯಾವ ಪಾನಾ ಅಂತ ಮನಸ್ಸಿಗೆ ಹೊಳೀತು. ನಾನು ಕೇಳ್ಲಿಲ್ಲ. ಕೇಳಿದ್ರೆ ಎಲ್ಲಾ ಬಂದು ನನ್ನ ಮೂಗಿನ ಮೇಲೆ ಕೂರ್ತಿತ್ತು. ಸತ್ತ ಮಗನ್ನ ಬೈಯೋಕೆ ಬಾಯಿ ಬರಲ್ಲ. ನನ್ನನ್ನೇ ಬೈಕೊಂಡ್ರೆ ಬದುಕೋಕಾಗಲ್ಲ. ನೀನು ಎದುರಿಗಿದ್ದೆ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.”

“ಹೂಂ.”

“ಆರು ವರ್ಷ ಅತ್ತೆ.”

“ಹೂಂ.”

“ಆ ಕೂಸಿನ ಕಿವಿಗೂ ಹಾಕಿದ್ರಿ.”

ಅದಕ್ಕೆ ಅತ್ತೆ ಹೂಂಗುಟ್ಟಲಿಲ್ಲ. ಸೊಸೆಗೆ ಕೂಗಾಡಬೇಕೆನಿಸಿತು. ಕಾಲು ಹಿಡಿದು ಅಳುವವರಿದ್ದರೆ ಕ್ಷಮಿಸಬಹುದಿತ್ತೋ ಏನೋ. ಈ ಮುದುಕಿ ಅಳುತ್ತಲೂ ಇರಲಿಲ್ಲ. ಒಣಗಿದ ಕಟ್ಟಿಗೆಯ ಹಾಗೆ ಕೂತಿದ್ದರು. ಸೊಸೆ ಎದ್ದು ಒಳಗೆ ಹೋಗಿ ಕೈ ತೊಳೆದಳು. ಸೋಪು ಹಾಕಿ ಎರಡು ಸಲ, ಮತ್ತೆ ಇನ್ನೊಂದು ಸಲ.

ಹುಡುಗಿ ಓಡಿ ಬಂದ ಸದ್ದು. “ಅಜ್ಜೀ, ಇದೇನಿದು ಕಬ್ಬಿಣ?”

“ಪುಟ್ಟಿ, ಬಾ ಇಲ್ಲಿ, ಕೂತ್ಕೋ.” ಅಡುಗೆಮನೆಯಲ್ಲಿ ನಿಂತವಳಿಗೆ ಅತ್ತೆಯ ದನಿ ಕೇಳಿಸಿತು. “ಅವತ್ತು ನಾನು ನಿನಗೆ ಹೇಳಿದ್ದು ಸುಳ್ಳು. ನಿಮ್ಮಮ್ಮ ಬಿಡ್ಲಿಲ್ಲ.”

“ಹಾಗಾದ್ರೆ ಅಪ್ಪ ಯಾಕೆ ಬಿದ್ದ?”

“ಈ ಪಾನಾದ ಹಲ್ಲು ಸವೆದಿತ್ತು. ಜಾರ್ತು.”

“ಹೊಸದು ತರಬೇಕಿತ್ತಲ್ಲ?”

ಅಡುಗೆಮನೆಯಲ್ಲಿ ನೀರು ಹರಿಯುತ್ತಲೇ ಇತ್ತು. ಸೊಸೆ ನಲ್ಲಿ ನಿಲ್ಲಿಸಿದಳು. ಇಲ್ಲಿಗೆ ನಿಲ್ಲಿಸುತ್ತಾರೆ, ಇಲ್ಲಿಗೆ ನಿಲ್ಲಿಸಿದರೂ ಸಾಕು, ಎಂದುಕೊಂಡಳು.

“ತರೋಕೇ ಹೋಗಿದ್ದ ಕಣಮ್ಮ” ಎಂದರು ಅತ್ತೆ. ಒಂದನ್ನೂ ಬಿಡದೆ ಹೇಳಿದರು. ಪೇಟೆ, ಡಬ್ಬಿ, ಸೂಜಿ, ಮುಂದಿನ ತಿಂಗಳು, ಗಟ್ಟಿ ಕೈ. ಹುಡುಗಿ ಟ್ರಂಕು ತೆಗೆಯುವುದು, ಡಬ್ಬಿ ಟಕ್ಕೆಂದು ತೆರೆಯುವುದು ಕೇಳಿಸಿತು.

“ಹಾಕ್ಕೋ ಅಜ್ಜಿ. ಅಪ್ಪ ತಂದಿದ್ದಲ್ವಾ?”

ಕನ್ನಡಕದ ಕಡ್ಡಿ ಬಿಚ್ಚಿದ ಸದ್ದು ಕೇಳಿಸಿತು.

“ಕಾಣಿಸ್ತಿದೆಯಾ?”

“ಇಲ್ಲಮ್ಮ” ಎಂದರು ಅತ್ತೆ. “ಏನೂ ಕಾಣಿಸ್ತಿಲ್ಲ. ಎಲ್ಲಾ ಮಂಜು ಮಂಜು.”

ಆಗ ಅತ್ತರು. ಆರು ವರ್ಷದಲ್ಲಿ ಕಣ್ಣು ಇನ್ನಷ್ಟು ಮಂಜಾಗಿ ಮುಂದೆ ಹೋಗಿತ್ತು, ಕನ್ನಡಕ ಡಬ್ಬಿಯಲ್ಲೇ 
ಉಳಿದಿತ್ತು. ಸೊಸೆ ಬಾಗಿಲ ತನಕ ಬಂದಳು. ಇನ್ನೊಂದು ಹೆಜ್ಜೆ ಇಡಲು ಕಾಲು ಬರಲಿಲ್ಲ. ಹುಡುಗಿ ಅಜ್ಜಿಯ ಬೆನ್ನು ತಟ್ಟುತ್ತ, ಅಮ್ಮನ ಮುಖ ನೋಡುತ್ತ, ಇಬ್ಬರ ನಡುವೆ ಕೂತಿದ್ದಳು.

ಮರುದಿನ ಬೆಳಿಗ್ಗೆ ಹಗ್ಗದಕ್ಕ ಎಂದಿನಂತೆ ಹಗ್ಗ ಸುತ್ತಿಕೊಂಡು ಚೀಲ ಹೆಗಲಿಗೇರಿಸಿದಳು. ಹಳೆಯ ಪಾನಾ ಹಜಾರದ ಮೂಲೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಗೋಡೆಗೊರಗಿತ್ತು. ಚೀಲ ಹಗುರವಾಗಿತ್ತು. ಆದರೂ ಬಲ ಹೆಗಲು ಕೆಳಗೇ ಇತ್ತು.

ಹೊಸ್ತಿಲ ಹತ್ತಿರ ಅತ್ತೆ ಬಂದು ನಿಂತರು. ಮಾತು ರೂಢಿಯಿಲ್ಲದವರ ಹಾಗೆ ಗಂಟಲು ಸರಿಮಾಡಿಕೊಂಡರು.

“ಸಂಜೆ ಎಷ್ಟು ಹೊತ್ತಿಗೆ ಬರ್ತೀಯಾ?”

ಹಗ್ಗದಕ್ಕ ಬೂಟಿನ ಲೇಸು ಕಟ್ಟುತ್ತಿದ್ದಳು. ಕಟ್ಟಿದ್ದನ್ನೇ ಬಿಚ್ಚಿ ಇನ್ನೊಮ್ಮೆ ಕಟ್ಟಿದಳು. ಉತ್ತರ ನಾಲಿಗೆಯ ತುದಿಗೆ ಬಂದು, ಎದುರಿನ ಮುಖ ನೋಡಿ, ಹಿಂದಕ್ಕೆ ಹೋಯಿತು.

“ಪುಟ್ಟಿ” ಎಂದು ಒಳಗಿದ್ದ ಮಗಳನ್ನು ಕರೆದಳು. “ನಿಮ್ಮಜ್ಜಿಗೆ ಹೇಳು, ಬೇಗ ಬರ್ತೀನಿ ಅಂತ. ಕನ್ನಡಕದ ಅಂಗಡಿ ಏಳಕ್ಕೆ ಮುಚ್ಚುತ್ತೆ. ರೆಡಿಯಾಗಿರ್ಲಿ.”